ಅಮಾವಾಸ್ಯೆಯ ಬೀಗ, ಮಾದಮ್ಮನ ಹೆಸರು

ಸೆಪ್ಟೆಂಬರಿನ ಮೊದಲ ಸೋಮವಾರ ಬೆಳಗ್ಗೆ ಹತ್ತಕ್ಕೆ, ಹಾಸನದ ಕನ್ನಡಕದ ಅಂಗಡಿಯ ಗಾಜಿನ ಕಪಾಟಿನ ಮೇಲೆ ಯಜಮಾನ ಗಿರಿಧರ ಒಂದು ಕಾಗದವನ್ನು ಎರಡು ಬೆರಳಿನಲ್ಲಿ ರಾಮಣ್ಣನ ಕಡೆಗೆ ತಳ್ಳಿದ. ಅರಕಲಗೂಡಿಗೆ ಹೋಗಿ ಅಲ್ಲಿಯ ಮಳಿಗೆ ನೋಡಿಕೊಳ್ಳುವ ಮಾದಮ್ಮನ ಸಹಿ ಹಾಕಿಸಿಕೊಂಡು ಬರಬೇಕಂತೆ. ಅದೊಂದು ಮುಚ್ಚಳಿಕೆ. ‘ಇನ್ನು ಮುಂದೆ ಅಂಗಡಿಯ ಬಾಗಿಲನ್ನು ಪ್ರತಿದಿನ ಸಮಯಕ್ಕೆ ಸರಿಯಾಗಿ ತೆಗೆಯುತ್ತೇನೆ. ಇದುವರೆಗಿನ ನನ್ನ ಬೇಜವಾಬ್ದಾರಿಗೆ ಕ್ಷಮೆ ಕೋರುತ್ತೇನೆ’ ಎಂದು ಟೈಪು ಮಾಡಿ, ಕೆಳಗೆ ಸಹಿಗೆ ಗೆರೆ ಎಳೆದಿತ್ತು. ಸಹಿ ಹಾಕಿದರೆ ಮಾದಮ್ಮ ಉಳಿಯಬಹುದು. ಹಾಕದಿದ್ದರೆ ತಿಂಗಳ ಕೊನೆಗೆ ಕೀಲಿಕೈ ಒಪ್ಪಿಸಿ ಮನೆಗೆ ಹೋಗಬಹುದು.

ರಾಮಣ್ಣ ಕಾಗದವನ್ನು ಎರಡು ಸಲ ಓದಿದ. ಇಪ್ಪತ್ನಾಲ್ಕು ವರ್ಷ ಒಂದೇ ಬಾಗಿಲನ್ನು ಒಂಬತ್ತೂವರೆಗೆ ತೆಗೆದು, ಗುಡಿಸಿ, ನೀರು ಚಿಮುಕಿಸಿದ ಹೆಂಗಸು ಬಾಗಿಲು ತೆಗೆಯುವುದಿಲ್ಲವಂತೆ. ಅವನ ಮೈಯೆಲ್ಲ ಉರಿದುಹೋಯಿತು. ಆದರೆ ಆ ಉರಿಯಲ್ಲಿ ಅರ್ಧ ಅವನ ಮೇಲೇ ಇತ್ತು. ಯಾಕೆಂದು ಹೇಳಬೇಕಾದರೆ ಅವನು ಯಾರು, ಏನು ಕೆಲಸ ಮಾಡುತ್ತಾನೆ ಎನ್ನುವುದನ್ನು ಮೊದಲು ಹೇಳಬೇಕು.

ರಾಮಣ್ಣ ಸಾಲಗಾಮೆಯವನು. ಬೇಸಾಯದ ಮನೆಯಲ್ಲಿ ಹುಟ್ಟಿದರೂ ನೇಗಿಲಿಗಿಂತ ಮೊದಲು ಕುಂಚ ಹಿಡಿದ. ಹಾಸನ ಜಿಲ್ಲೆಯಲ್ಲಿ ಮೂವತ್ತು ವರ್ಷ ಬೋರ್ಡು ಬರೆದ. ರೈಸ್ ಮಿಲ್ಲು, ನ್ಯಾಯಬೆಲೆ ಅಂಗಡಿ, ಹಾಲಿನ ಡೈರಿ, ಬಸ್ಸು ತಂಗುದಾಣ, ಮದುವೆ ಛತ್ರ, ಎಲ್ಲದರ ಹಣೆಯ ಮೇಲೂ ಅವನ ಅಕ್ಷರ. ಪ್ರತಿ ಬೋರ್ಡಿನ ಬಲತುದಿಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ‘ರಾಮಣ್ಣ, ಸಾಲಗಾಮೆ’ ಎಂದು ಬರೆಯುತ್ತಿದ್ದ. ಅದು ಜಂಬಕ್ಕೆ ಅಲ್ಲ. ಬೋರ್ಡಿನಲ್ಲಿ ತಪ್ಪಿದ್ದರೆ ಯಾರನ್ನು ಬೈಯಬೇಕು ಎಂದು ಜನಕ್ಕೆ ಗೊತ್ತಾಗಲಿ ಎಂದು. ಈ ಕಸುಬಿನವರೆಲ್ಲ ಹಾಗೆಯೇ. ಬರೆದ ಮೇಲೆ ಹೆಸರು ಹಾಕಲೇಬೇಕು, ಹಾಕದವನನ್ನು ಕಸುಬುದಾರ ಎನ್ನುತ್ತಿರಲಿಲ್ಲ.

ಆಮೇಲೆ ಫ್ಲೆಕ್ಸು ಬಂತು. ಒಂದು ರಾತ್ರಿಯಲ್ಲಿ ಅಚ್ಚಾಗಿ, ಒಂದು ವರ್ಷದಲ್ಲಿ ಬಿಳಿಚಿ, ಗಾಳಿಗೆ ಹರಿದು ನೇತಾಡುವ ಫ್ಲೆಕ್ಸು. ಅದಕ್ಕೆ ಬರೆದವನೂ ಇಲ್ಲ, ಬೈಸಿಕೊಳ್ಳುವವನೂ ಇಲ್ಲ. ರಾಮಣ್ಣನ ಡಬ್ಬಿಗಳು ಒಣಗಿದವು. ಆಗ ಅವನನ್ನು ಕರೆದು ಕೆಲಸ ಕೊಟ್ಟವರು ಕನ್ನಡಕದ ವೆಂಕಟರಾಮಯ್ಯನವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆ ಅವರ ಮಳಿಗೆ. ನಾಲ್ಕರ ಬೋರ್ಡೂ ರಾಮಣ್ಣನ ಕೈಬರಹವೇ. ಕನ್ನಡಕ ತಲುಪಿಸುವುದು, ಫ್ರೇಮು ಒರೆಸುವುದು ಹೀಗೆ ಸುಮ್ಮನೆ ಏನೋ ಒಂದು ಕೆಲಸ ಹಚ್ಚಿದರು. ವೆಂಕಟರಾಮಯ್ಯನವರು ತೀರಿಹೋದ ಮೇಲೆ ಮಗ ಗಿರಿಧರ ಯಜಮಾನನಾದ. ಮೂರು ವರ್ಷದ ಕೆಳಗೆ ಅವನು ರಾಮಣ್ಣನ ಕೈಗೆ ಒಂದು ಫೋನು ಕೊಟ್ಟು, ‘ಈಗ ಬೋರ್ಡು ಇದರೊಳಗೆ ಇರೋದು ರಾಮಣ್ಣ, ಇನ್ನು ಮೇಲೆ ಇದನ್ನ ನೀನೇ ನೋಡ್ಕೋ’ ಅಂದ.

ಫೋನಿನ ನಕ್ಷೆಯಲ್ಲಿ ನಾಲ್ಕು ಮಳಿಗೆಗೂ ಒಂದೊಂದು ಪುಟ. ಹೆಸರು, ವಿಳಾಸ, ನಂಬರು, ತೆರೆಯುವ ಹೊತ್ತು, ಮುಚ್ಚುವ ಹೊತ್ತು. ರಾಮಣ್ಣನ ಮಗಳು ಧನ್ಯಾ ಒಂದು ವಾರ ಕೂತು ಕಲಿಸಿಕೊಟ್ಟಳು. ನೋಡಿದರೆ ಆ ನಾಲ್ಕು ಪುಟಗಳು ಹಾಳುಬಿದ್ದ ಮನೆಯಂತಿದ್ದವು. ಹೊಳೆನರಸೀಪುರದ ಮಳಿಗೆಯ ಗುರುತು ಹೇಮಾವತಿ ಹೊಳೆಯ ನಡುನೀರಿನಲ್ಲಿತ್ತು. ಚನ್ನರಾಯಪಟ್ಟಣದ ಪುಟದಲ್ಲಿ ಹಾಸನದ ನಂಬರು, ಹಾಸನದ ಪುಟದಲ್ಲಿ ಯಾರೋ ಟೈಲರಿನ ನಂಬರು. ದಂಡಿಗನಹಳ್ಳಿಯಿಂದ ಚನ್ನರಾಯಪಟ್ಟಣಕ್ಕೆ ಬಂದವರು ಫೋನು ಮಾಡಿದರೆ ಹಾಸನದವರು ಎತ್ತಿ, ಎಡಕ್ಕೆ ತಿರುಗಿ ಬಲಕ್ಕೆ ತಿರುಗಿ ಎಂದು ಹಾಸನದ ದಾರಿ ಹೇಳುತ್ತಿದ್ದರು. ರಾಮಣ್ಣ ಒಂದೊಂದೇ ತಿದ್ದಿದ. ಬೋರ್ಡಿನಲ್ಲಿರುವ ಹೆಸರೇ ಪುಟದಲ್ಲೂ ಇರಬೇಕು, ಬಾಗಿಲು ಇರುವ ಜಾಗದಲ್ಲೇ ಗುರುತು ಇರಬೇಕು, ಆ ಬಾಗಿಲಿನ ಒಳಗೆ ರಿಂಗಾಗುವ ನಂಬರೇ ಅಲ್ಲಿರಬೇಕು. ಅವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಬೋರ್ಡು ಸುಳ್ಳು ಹೇಳಬಾರದು, ಅಷ್ಟೇ.

ಅಂಗಡಿ ನಿಜವಾಗಿ ಅಲ್ಲಿದೆ ಎನ್ನುವುದಕ್ಕೆ ನಕ್ಷೆಯವರು ವಿಡಿಯೋ ಸಾಕ್ಷಿ ಕೇಳಿದರು. ಬೀದಿ ತೋರಿಸಬೇಕು, ಬೋರ್ಡು ತೋರಿಸಬೇಕು, ಬೀಗ ತೆಗೆದು ಒಳಗೆ ಹೋಗುವುದನ್ನು ತೋರಿಸಬೇಕು. ಅರಕಲಗೂಡಿನಲ್ಲಿ ರಾಮಣ್ಣ ಫೋನು ಹಿಡಿದು ನಿಂತ. ಮಾದಮ್ಮ ಸೆರಗು ಸರಿಮಾಡಿಕೊಂಡು ಬೀಗ ತೆಗೆದಳು. ನಾಲ್ಕು ದಿನಕ್ಕೆ ಒಪ್ಪಿಗೆ ಬಂತು. ಎಲ್ಲೋ ಕೂತ ಕಾಣದ ಜನ ಈ ಅಂಗಡಿ ಇದೆ ಎಂದು ನಂಬಿದ್ದು ಮಾದಮ್ಮನ ಕೈ ಬೀಗ ತೆಗೆದದ್ದನ್ನು ನೋಡಿ. ಈಗ ಅದೇ ಕೈಯಿಂದ ಬಾಗಿಲು ತೆಗೆಯುತ್ತಿರಲಿಲ್ಲ ಎಂದು ಬರೆಸಿಕೊಳ್ಳಬೇಕಂತೆ.

ಅರಕಲಗೂಡಿನಲ್ಲಿ ಇನ್ನೊಂದು ತೊಡಕಿತ್ತು. ಅದೇ ಬೀದಿಯಲ್ಲಿ, ಅದೇ ಬಾಗಿಲಿನ ಮೇಲೆ, ‘ಮಾದಮ್ಮನ ಕನ್ನಡಕದ ಅಂಗಡಿ’ ಎಂದು ಎರಡನೆಯ ಪುಟವೊಂದು ಇತ್ತು. ಗಿರಾಕಿಗಳಲ್ಲಿ ಯಾರೋ ಮಾಡಿದ್ದು. ಅದಕ್ಕೆ ನಲವತ್ತು ಜನ ಐದೈದು ನಕ್ಷತ್ರ ಕೊಟ್ಟಿದ್ದರು. ಗಿರಿಧರ ಅದನ್ನು ನೋಡಿ ಮುಖ ಗಂಟಿಕ್ಕಿಕೊಂಡ. ಒಂದೇ ಅಂಗಡಿಗೆ ಎರಡು ಪುಟ ಇರಬಾರದು, ನಮ್ಮ ಬೋರ್ಡಿನಲ್ಲಿ ಆ ಹೆಸರಿಲ್ಲ, ತೆಗೆಸು ಅಂದ. ನಿಯಮವೂ ಅದೇ. ರಾಮಣ್ಣ ನಕ್ಷೆಯವರಿಗೆ ಬರೆದು ಅಳಿಸಿಸಿದ. ಮಾದಮ್ಮನಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡ.

ಇನ್ನು ಒಂದು ನಕ್ಷತ್ರದ ಬೈಗುಳಗಳ ವಿಷಯ. ಮಾರ್ಚಿನಿಂದ ಈಚೆಗೆ ಅರಕಲಗೂಡಿನ ಪುಟದಲ್ಲಿ ಆರು ಜನ ಒಂದೊಂದೇ ನಕ್ಷತ್ರ ಕೊಟ್ಟು ಬೈದಿದ್ದರು. ಎಲ್ಲರದೂ ಒಂದೇ ರಾಗ. ಬಂದೆವು, ಬೀಗ ಹಾಕಿತ್ತು, ಫೋನಿನಲ್ಲಿ ಮಾತ್ರ ತೆರೆದಿದೆ ಅಂತ ತೋರಿಸುತ್ತಿತ್ತು. ಮಲ್ಲಿಪಟ್ಟಣದ ಅಭಿಷೇಕ್ ಎನ್ನುವವನು, ಅಜ್ಜಿ ಲಕ್ಕಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು ಮೆಟ್ಟಿಲ ಮೇಲೆ ಎರಡು ಗಂಟೆ ಕೂರಿಸಿದ್ದನಂತೆ. ಕೆಲಸದವರಿಗೆ ಜವಾಬ್ದಾರಿಯೇ ಇಲ್ಲ ಎಂದು ಬರೆದಿದ್ದ. ಗಿರಿಧರ ಬೆಂಗಳೂರಿನ ಯಾವುದೋ ಏಜೆನ್ಸಿಯಿಂದ ಒಂದು ಸಿದ್ಧ ಉತ್ತರ ತರಿಸಿ, ಅಲ್ಲಿ ಬೈದವರಿಗೆಲ್ಲ ಇದನ್ನೇ ಅಂಟಿಸು ಅಂದಿದ್ದ: ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ಸಂಬಂಧಪಟ್ಟ ಸಿಬ್ಬಂದಿಯ ಮೇಲೆ ಕ್ರಮ ಕೈಗೊಳ್ಳಲಾಗುವುದು.’ ರಾಮಣ್ಣ ಆರು ಸಲ ಅಂಟಿಸಿದ್ದ. ಅರಕಲಗೂಡಿನಲ್ಲಿ ಸಂಬಂಧಪಟ್ಟ ಸಿಬ್ಬಂದಿ ಎಂದರೆ ಇರುವುದು ಒಬ್ಬಳೇ ಎನ್ನುವುದು ಅಂಟಿಸುವಾಗ ಅವನ ತಲೆಗೆ ಹೋಗಲಿಲ್ಲ. ತನ್ನ ಕೈಯಾರೆ ಊರೆಲ್ಲ ಓದುವ ಬೋರ್ಡಿನಲ್ಲಿ ಮಾದಮ್ಮನನ್ನು ಕೆಲಸಗಳ್ಳಿ ಎಂದು ಬರೆದಿದ್ದ, ಅದೂ ಹೆಸರು ಹಾಕದೆ.

ಮುಚ್ಚಳಿಕೆ ಹಿಡಿದುಕೊಂಡು ರಾಮಣ್ಣ ತನ್ನ ಮೂಲೆಯ ಮೇಜಿಗೆ ಬಂದು ಕೂತ. ಪುಟ ತೆಗೆದು ನೋಡಿದರೆ ಬೈಗುಳದ ಪಕ್ಕದಲ್ಲಿ ತಾರೀಖೇ ಇಲ್ಲ. ಒಂದು ತಿಂಗಳ ಹಿಂದೆ, ಮೂರು ತಿಂಗಳ ಹಿಂದೆ, ಇಷ್ಟೇ. ಯಾವತ್ತು ಬಂದಿದ್ದರು, ಅವತ್ತು ಏನಾಗಿತ್ತು ಎಂದು ಯಾರು ಹೇಳುತ್ತಾರೆ? ಆದರೆ ಯಾರೇ ಏನೇ ಬರೆದರೂ ಅವನಿಗೊಂದು ಇಮೇಲು ಬರುತ್ತಿತ್ತು, ಅದರಲ್ಲಿ ತಾರೀಖಿತ್ತು. ಧನ್ಯಾ ಹಾಗೆ ಮಾಡಿಕೊಟ್ಟಿದ್ದಳು. ಒಂದೊಂದಾಗಿ ತೆಗೆದು ಚೀಟಿಯ ಮೇಲೆ ಬರೆದುಕೊಂಡ. ಮಾರ್ಚ್ ಇಪ್ಪತ್ತೊಂಬತ್ತು. ಮೇ ಇಪ್ಪತ್ತೇಳು. ಜೂನ್ ಇಪ್ಪತ್ತೈದು. ಜುಲೈ ಇಪ್ಪತ್ನಾಲ್ಕು, ಅವತ್ತು ಇಬ್ಬರು. ಆಗಸ್ಟ್ ಇಪ್ಪತ್ಮೂರು.

ಜುಲೈ ಇಪ್ಪತ್ನಾಲ್ಕು ಓದುತ್ತಿದ್ದ ಹಾಗೆ ಅವನ ಕೈ ನಿಂತಿತು. ಅವತ್ತು ಭೀಮನ ಅಮಾವಾಸ್ಯೆ. ಹೆಂಡತಿ ಕಾಲು ತೊಳೆದು ಪೂಜೆ ಮಾಡಿ, ಮಧ್ಯಾಹ್ನ ಪಾಯಸ ಬಡಿಸಿದ್ದು ನೆನಪಿತ್ತು. ಮಳಿಗೆಗೆ ರಜೆ ಇತ್ತಲ್ಲ. ಎದ್ದು ಗೋಡೆಯ ಕ್ಯಾಲೆಂಡರನ್ನು ಕಿತ್ತು ತಂದು ಒಂದೊಂದು ತಿಂಗಳನ್ನೂ ತಿರುವಿ ಹಾಕಿದ. ಆರಕ್ಕೆ ಆರೂ ಅಮಾವಾಸ್ಯೆ. ಏಪ್ರಿಲಿನದು ವಾರದ ರಜೆಯಾದ ಭಾನುವಾರ ಬಿದ್ದಿತ್ತು, ಅದಕ್ಕೇ ಏಪ್ರಿಲಿನಲ್ಲಿ ಯಾರೂ ಬೈದಿರಲಿಲ್ಲ.

ನಾಲ್ಕೂ ಮಳಿಗೆ ಅಮಾವಾಸ್ಯೆಯಂದು ಮುಚ್ಚುವುದು ವೆಂಕಟರಾಮಯ್ಯನವರು ಇಟ್ಟುಕೊಂಡಿದ್ದ ಕಟ್ಟಳೆ. ಚಂದ್ರನೇ ಕಾಣದ ದಿನ ಕಣ್ಣಿನ ವ್ಯಾಪಾರ ಬೇಡ ಎನ್ನುತ್ತಿದ್ದರು. ಹಳೆಯ ಗಿರಾಕಿಗಳಿಗೆ ಇದು ಗೊತ್ತಿತ್ತು. ಫೋನು ನೋಡಿಕೊಂಡು ಬರುವವರಿಗೆ ಗೊತ್ತಿರಲಿಲ್ಲ. ಜನವರಿಯಲ್ಲೇ ರಾಮಣ್ಣ ಹೊಸ ಕ್ಯಾಲೆಂಡರು ಹಿಡಿದು ಗಿರಿಧರನ ಮುಂದೆ ನಿಂತಿದ್ದ. ವಿಶೇಷ ದಿನಗಳ ಸಮಯ ಬರೆಯಲು ಪುಟದಲ್ಲಿ ಜಾಗವಿದೆ, ವರ್ಷದ ಅಮಾವಾಸ್ಯೆಗಳನ್ನೆಲ್ಲ ರಜೆ ಎಂದು ಹಾಕಿಬಿಡೋಣ ಎಂದಿದ್ದ. ಗಿರಿಧರ ಒಪ್ಪಲಿಲ್ಲ. ಮುಚ್ಚಿದ್ದೇವೆ ಎಂದು ನಾವೇ ಕೂಗಿಕೊಂಡರೆ ಜನ ಪಕ್ಕದ ಅಂಗಡಿ ಹುಡುಕುತ್ತಾರೆ, ಈ ಕಾಲದಲ್ಲೂ ಅಮಾವಾಸ್ಯೆ ನೋಡುತ್ತಾರೆ ಎಂದು ನಗುತ್ತಾರೆ, ಅದು ಮನೆಯ ವಿಷಯ, ಮನೆಯಲ್ಲೇ ಇರಲಿ ಎಂದಿದ್ದ. ಅಂದರೆ ಅಪ್ಪನ ಕಟ್ಟಳೆಯನ್ನು ಬಿಡಲು ಭಯ, ಜನರ ಮುಂದೆ ಹೇಳಲು ನಾಚಿಕೆ. ಅವನ ಭಯಕ್ಕೂ ನಾಚಿಕೆಗೂ ನಡುವೆ ಲಕ್ಕಮ್ಮಜ್ಜಿ ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು.

ರಾಮಣ್ಣ ಅಷ್ಟಕ್ಕೇ ನಿಲ್ಲಲಿಲ್ಲ. ಹಾಸನದ ಪುಟವನ್ನೂ ತೆಗೆದು ನೋಡಿದ. ಅಲ್ಲೂ ಇಬ್ಬರು ಬೀಗ ಹಾಕಿತ್ತು ಎಂದು ಬೈದಿದ್ದರು. ಜೂನಿನ ಅಮಾವಾಸ್ಯೆಗೆ ಒಬ್ಬ, ಆಗಸ್ಟಿನ ಅಮಾವಾಸ್ಯೆಗೆ ಇನ್ನೊಬ್ಬ. ಹಾಸನದ ಬೀಗದ ಕೀಲಿಕೈ ಇರುವುದು ಗಿರಿಧರನ ಸೊಂಟದಲ್ಲಿ.

ಚೀಟಿ, ಕ್ಯಾಲೆಂಡರು, ಮುಚ್ಚಳಿಕೆ ಮೂರನ್ನೂ ತಂದು ಕಪಾಟಿನ ಮೇಲೆ ಸಾಲಾಗಿ ಇಟ್ಟ. ತಾರೀಖುಗಳನ್ನು ಬೆರಳಿಟ್ಟು ತೋರಿಸಿದ. ಗಿರಿಧರ ಬಗ್ಗಿ ನೋಡಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ನೋಡಿದ. ಅವನಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಕಂಡು ರಾಮಣ್ಣನಿಗೆ ಆಶ್ಚರ್ಯವಾಯಿತು.

“ಗೊತ್ತಿತ್ತಾ ಸಾ ನಿಮ್ಗೆ?” ಎಂದು ಕೇಳಿದ.

ಗಿರಿಧರ ತಾರೀಖಿನ ಚೀಟಿಯನ್ನು ಪಕ್ಕಕ್ಕೆ ಸರಿಸಿದ. ಏಜೆನ್ಸಿಯವರು ಹೇಳಿದ್ದಾರೆ, ಕ್ರಮ ಕೈಗೊಳ್ಳುತ್ತೇವೆ ಎಂದು ಬರೆದ ಮೇಲೆ ಏನಾದರೂ ಕ್ರಮ ಇರಬೇಕು ಎಂದು ಶುರುಮಾಡಿದ. ಆ ಅಭಿಷೇಕ್ ಎನ್ನುವವನು ಫೋನು ಮಾಡಿ ಏನು ಕ್ರಮ ಕೈಗೊಂಡಿರಿ ಎಂದು ಕೇಳಿದನಂತೆ. ಅವನಿಗೆ ತೋರಿಸಲು ಒಂದು ಕಾಗದ ಬೇಕಂತೆ. ಆಮೇಲೆ ದನಿ ತಗ್ಗಿಸಿ, “ಯಾರಾದ್ರೂ ಒಬ್ರು ಹೊಣೆ ಹೊತ್ಕೊಂಡ್ರೆ ಮಾತು ಅಲ್ಲಿಗೆ ಮುಗಿಯುತ್ತೆ ರಾಮಣ್ಣ. ಮಾದಮ್ಮ ನಮ್ಮ ಮನೆಯವಳಿದ್ದ ಹಾಗೆ, ಬೇಜಾರು ಮಾಡ್ಕೊಳಲ್ಲ” ಅಂದ.

ಮನೆಯವಳಿದ್ದ ಹಾಗೆ! ಮನೆಯವಳು ಎಂದು ಕರೆಯುವುದು ಇಂಥ ದಿನಕ್ಕೇ. ತಪ್ಪು ಹೊರಿಸಲು ಒಬ್ಬರು ಬೇಕಾದಾಗ ಕೆಲಸದವರೆಲ್ಲ ಇದ್ದಕ್ಕಿದ್ದಂತೆ ಮನೆಯವರಾಗಿಬಿಡುತ್ತಾರೆ. ಬೋರ್ಡಿನ ಮೇಲೂ ಪುಟದ ಮೇಲೂ ಯಜಮಾನನ ಅಪ್ಪನ ಹೆಸರಿದೆ, ತಪ್ಪೊಪ್ಪಿಗೆಯ ಮೇಲೆ ಮಾತ್ರ ಮಾದಮ್ಮನ ಹೆಸರು.

“ಇಲ್ಲಿ ಆಸನದ ಅಂಗ್ಡಿ ಬಾಗ್ಲೂ ಅವತ್ತು ಮುಚ್ಚಿತ್ತಲ್ಲ ಸಾ,” ರಾಮಣ್ಣ ಅಂದ. “ಅದ್ಕೆ ಮುಚ್ಚಳಿಕೆ ಯಾರ್ ಬರ್ಕೊಡ್ತಾರೆ?”

ಗಿರಿಧರನ ಮುಖ ಕೆಂಪಾಯಿತು. ಹೇಳಿದಷ್ಟು ಮಾಡು, ಸಂಜೆಯೊಳಗೆ ಸಹಿ ಬರಬೇಕು, ಇಲ್ಲದಿದ್ದರೆ ಅರಕಲಗೂಡಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಫೋನಿಗೂ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅರಕಲಗೂಡಿನ ಬಸ್ಸಿನಲ್ಲಿ ರಾಮಣ್ಣ ಮುಚ್ಚಳಿಕೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೂತ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗಿರಿಧರನನ್ನು ಬೈದ. ಬೈಗುಳ ಮುಗಿದ ಮೇಲೆ ತನ್ನನ್ನೂ ಬೈದುಕೊಂಡ. ಮೂವತ್ತು ವರ್ಷ ಒಂದು ಅಕ್ಷರ ಸೊಟ್ಟಗಾದರೆ ಇಡೀ ಬೋರ್ಡನ್ನು ಉಜ್ಜಿ ಮತ್ತೆ ಬರೆದವನು, ಯಾರೋ ಕಾಣದವನು ಬರೆದ ಸುಳ್ಳನ್ನು ಆರು ಸಲ ಅಂಟಿಸಿದೆನಲ್ಲ ಎಂದು ಕೈಕೈ ಹಿಸುಕಿಕೊಂಡ. ಸಹಿ ಹಾಕಿದರೆ ಮಾದಮ್ಮನ ಕೆಲಸ ಉಳಿಯುತ್ತದೆ. ಹಾಕು ಎಂದು ಹೇಳಲೇ? ಮಾದಮ್ಮನಿಗೆ ಗಂಡನಿಲ್ಲ, ಆಸರೆಗೆ ಈ ಅಂಗಡಿಯೇ. ಸಹಿ ಎಂದರೆ ಮೂರು ಅಕ್ಷರ. ಆದರೆ ಅಕ್ಷರದ ತೂಕ ಅವನಿಗೆ ಗೊತ್ತಿತ್ತು.

ಮಾದಮ್ಮ ಒಬ್ಬ ಮುದುಕನ ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದಿನ ಕಡ್ಡಿ ಬಗ್ಗಿಸುತ್ತಿದ್ದಳು. ಒತ್ತುತ್ತದೆಯೇ ಎಂದು ಕೇಳಿ, ತೆಗೆದು, ಮತ್ತೆ ಬಗ್ಗಿಸಿ, ಮತ್ತೆ ಕೂರಿಸಿ, ಮುದುಕ ಬೀದಿಯ ಆಚೆಯ ಬೋರ್ಡು ಓದಿ ತೋರಿಸಿದ ಮೇಲೆಯೇ ಬಿಟ್ಟಳು. ಐವತ್ತೆರಡು ವರ್ಷದ, ಸಣ್ಣ ಮೈಕಟ್ಟಿನ ಹೆಂಗಸು. ಅಂಗಡಿಯೊಳಗೆ ಅವಳಿಗೆ ಗೊತ್ತಿಲ್ಲದ ಡಬ್ಬಿಯಿಲ್ಲ. ಮುದುಕ ಹೋದ ಮೇಲೆ ರಾಮಣ್ಣ ಕಾಗದ ಕೊಟ್ಟ. ಅವಳು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದಳು. ರಾಮಣ್ಣ ಬೈಗುಳಗಳ ವಿಷಯ, ಅಮಾವಾಸ್ಯೆಯ ವಿಷಯ, ಯಜಮಾನ ಅಂದದ್ದು, ತಾನು ಅಂಟಿಸಿದ ಉತ್ತರ, ಒಂದನ್ನೂ ಬಿಡದೆ ಹೇಳಿದ. ಸಹಿ ಹಾಕದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಹೇಳಿದ.

ಮಾದಮ್ಮ ಕಾಗದವನ್ನು ಬಂದಿದ್ದ ಮಡಿಕೆಯಲ್ಲೇ ಮತ್ತೆ ಮಡಿಚಿದಳು.

“ತಗೀದೆ ಇದ್ದಿದ್ರೆ ಆಕ್ತಿದ್ದೆ ಕಣಣ್ಣ,” ಅಂದಳು. “ನನ್ನ ಮಗಳ ಮದ್ವೆ ದಿನಾನೂವೆ ಬೀಗರ ಮನೆಯೋರ್ನ ಕೂರ್ಸಿ ಬಂದು ಬಾಗ್ಲು ತಗ್ದೋಳು ನಾನು. ಇದ್ಕೆ ಎಂಗ್ ಸೈ ಆಕ್ಲಿ?”

ಆ ಅಜ್ಜಿ ಬಂದ ದಿನ ತಾನು ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ, ಗೊತ್ತಿದ್ದರೆ ಓಡಿಬಂದು ತೆಗೆಯುತ್ತಿದ್ದೆ, ಎರಡು ಗಂಟೆ ಕೂತಿದ್ದಳಂತಾ ಎಂದು ಮತ್ತೆ ಮತ್ತೆ ಕೇಳಿದಳು. ತನಗಾದ ಅನ್ಯಾಯಕ್ಕಿಂತ ಆ ಮುದುಕಿ ಮೆಟ್ಟಿಲ ಮೇಲೆ ಕೂತದ್ದು ಅವಳಿಗೆ ಹೆಚ್ಚು ಚುಚ್ಚಿತು. ಇಂಥವಳಿಂದ ಬೇಜವಾಬ್ದಾರಿ ಎಂದು ಬರೆಸಿಕೊಳ್ಳಲು ತನ್ನನ್ನು ಬಸ್ಸು ಹತ್ತಿಸಿ ಕಳಿಸಿದನಲ್ಲ ಗಿರಿಧರ ಎಂದು ರಾಮಣ್ಣ ಹಲ್ಲು ಕಡಿದ.

ಗಿರಾಕಿಗಳು ಕೂರುವ ಸ್ಟೂಲನ್ನು ಎಳೆದುಕೊಂಡು ಅವನು ಫೋನು ತೆಗೆದ. ಮೊದಲು ನಾಲ್ಕೂ ಪುಟಗಳಲ್ಲಿ, ವರ್ಷ ಮುಗಿಯುವವರೆಗಿನ ಅಮಾವಾಸ್ಯೆಗಳನ್ನು ಒಂದೊಂದಾಗಿ ರಜೆ ಎಂದು ಬರೆದ. ಆಮೇಲೆ ಅಭಿಷೇಕನ ಬೈಗುಳದ ಕೆಳಗಿದ್ದ ಸಿದ್ಧ ಉತ್ತರವನ್ನು ಅಳಿಸಿದ. ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದ. ಅಕ್ಷರ ಎಷ್ಟು ಹಿಡಿಸುತ್ತದೆ ಎಂದು ಹಲಗೆಯನ್ನು ಅಳೆಯುವ ಹಳೆಯ ಅಭ್ಯಾಸ. ಒಂದೊಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆದ. ಮುಗಿದಾಗ ಮಾದಮ್ಮ ಓದಿ ಹೇಳು ಅಂದಳು. ಅವನು ಓದಿದ:

‘ನೀವು ಬಂದದ್ದು ಅಮಾವಾಸ್ಯೆಯ ದಿನ. ಅಂದು ನಾಲ್ಕೂ ಮಳಿಗೆ ಮುಚ್ಚುವುದು ಯಜಮಾನರ ಪದ್ಧತಿ. ಅದನ್ನು ಇಲ್ಲಿ ತಿಳಿಸದೆ ಬಿಟ್ಟದ್ದು ನಮ್ಮ ತಪ್ಪು. ನಿಮ್ಮ ಅಜ್ಜಿಯವರ ಕ್ಷಮೆ ಕೇಳುತ್ತೇವೆ. ಈ ಮಳಿಗೆಯ ಮಾದಮ್ಮನವರು ಇಪ್ಪತ್ನಾಲ್ಕು ವರ್ಷದಲ್ಲಿ ತೆರೆಯಬೇಕಾದ ಒಂದು ದಿನವೂ ಬಾಗಿಲು ತೆರೆಯದೆ ಇದ್ದವರಲ್ಲ. ಮೊದಲು ಇಲ್ಲಿ ಬರೆದದ್ದು ಸುಳ್ಳು. ಬರೆದವನು: ರಾಮಣ್ಣ, ಸಾಲಗಾಮೆ.’

ಉಳಿದ ಐದರ ಕೆಳಗೂ, ಅಜ್ಜಿಯ ಮಾತೊಂದನ್ನು ಬಿಟ್ಟು, ಅದನ್ನೇ ಬರೆದ. ಎಲ್ಲದರ ಮೇಲೂ ತಾನಾಗಿಯೇ ದಪ್ಪ ಅಕ್ಷರದಲ್ಲಿ ‘ಮಾಲೀಕರ ಉತ್ತರ’ ಎಂದು ಮೂಡಿತು. ಅದನ್ನು ನೋಡಿ ಅವನಿಗೆ ಆ ದಿನ ಮೊದಲ ಸಲ ನಗು ಬಂತು.

ಮಾದಮ್ಮ ಫೋನನ್ನು ಕೈಗೆ ತೆಗೆದುಕೊಂಡು ತನ್ನ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು. ತನ್ನ ಹೆಸರಿದ್ದ ಸಾಲಿನ ಕೆಳಗೆ ಬೆರಳಿಟ್ಟಳು.

“ಬೋರ್ಡ್ ಮ್ಯಾಲೆ ನನ್ನ ಎಸ್ರು ಬಂದಿದ್ದು ಇದೇ ಮೊದ್ಲು,” ಅಂದಳು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ರಾಮಣ್ಣ ಆ ದಿನ ಸುಮ್ಮನಿರುವ ಕೆಲಸವನ್ನು ಬಿಟ್ಟಿದ್ದ. ಇದು ಎರಡನೆಯದು ಎಂದು ಹೇಳಿದ. ಅವಳ ಹೆಸರಿನಲ್ಲೇ ಒಂದು ಪುಟವಿದ್ದದ್ದು, ನಲವತ್ತು ಜನ ಐದೈದು ನಕ್ಷತ್ರ ಕೊಟ್ಟದ್ದು, ಅದನ್ನು ಯಜಮಾನನ ಮಾತು ಕೇಳಿ ತಾನೇ ಬರೆದು ಅಳಿಸಿಸಿದ್ದು, ಎಲ್ಲವನ್ನೂ ತಲೆ ತಗ್ಗಿಸಿಕೊಂಡು ಹೇಳಿದ. ಮಾದಮ್ಮ ನಲವತ್ತು ಜನವಾ ಎಂದು ಒಂದು ಸಲ ಕೇಳಿದಳು, ಅಷ್ಟೇ.

ಅಷ್ಟರಲ್ಲಿ ಅವಳ ಕೈಯಲ್ಲೇ ಫೋನು ರಿಂಗಾಯಿತು. ಗಿರಿಧರ. ಉತ್ತರಗಳು ಅವನ ಕಣ್ಣಿಗೆ ಬಿದ್ದಿದ್ದವು. ಮಾದಮ್ಮ ಫೋನನ್ನು ರಾಮಣ್ಣನಿಗೆ ಕೊಟ್ಟಳು. ಈ ಕ್ಷಣವೇ ಎಲ್ಲವನ್ನೂ ಅಳಿಸು ಎಂದು ಗಿರಿಧರ ಕಿರುಚುವುದು ಮಾದಮ್ಮನಿಗೂ ಕೇಳಿಸುತ್ತಿತ್ತು. ರಾಮಣ್ಣ ಅವಳ ಮುಖ ನೋಡಿದ. ತನ್ನ ಕೆಲಸವಂತೂ ಹೋಯಿತು, ಅವಳದೂ ಹೋಗಬಹುದು.

ಮಾದಮ್ಮ ಮುಚ್ಚಳಿಕೆಯನ್ನು ಎತ್ತಿ ಸಹಿಯಿಲ್ಲದೆ ಅವನ ಜೇಬಿಗೆ ತುರುಕಿದಳು.

“ಈ ಸತಿ ಅಳಿಸ್ಬ್ಯಾಡ ಕಣಣ್ಣ,” ಅಂದಳು.

ಅವನು ಅಳಿಸಲಿಲ್ಲ. ಬಾಗಿಲಲ್ಲಿ ಯಾರೋ ಒಡೆದ ಕನ್ನಡಕ ಹಿಡಿದು ನಿಂತಿದ್ದರು, ಮಾದಮ್ಮ ಒಳಗೆ ಬನ್ನಿ ಎಂದು ಕರೆದಳು.